ನಾನು ಮನೆಯೊಳಗೆ ಬ್ರಿಜ್ ಕಟ್ಟಿದ ರವಿವಾರ

ನನ್ನ ಹೆಸರು ತಾನಾಜಿ, ಕಸುಬು ಗುರೂಜಿ. ಎರಡನ್ನೂ ಕೂಡಿಸಿ ಕರೆದರೆ ಪ್ರಾಸ ತಾನಾಗಿಯೇ ಕೂಡಿಬರುತ್ತದೆ. ಮಹಾರಾಷ್ಟ್ರದ ಗಡಿಯೊಳಗಿರುವ ನಮ್ಮ ಉಮದಿಯಲ್ಲಿ ಹಾಗೆಯೇ ಕರೆಯುತ್ತಾರೆ. ಕನ್ನಡ ಸಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ವಿದ್ಯುತ್ ಮಂಡಲವನ್ನು ಕಣ್ಣು ಮುಚ್ಚಿಕೊಂಡು ಹಲಗೆಯ ಮೇಲೆ ಬಿಡಿಸಬಲ್ಲೆ. ಅಂಥ ನಾನು ಹೋದ ಜನವರಿಯ ಒಂದು ಶನಿವಾರ ಸಂಜೆ ಚಹದ ಬಸಿಯನ್ನು ಕೆಳಗಿಟ್ಟು, ನನ್ನ ಹೆಂಡತಿ ಮಂಗಲಳಿಗೆ ಗಂಭೀರ ಧ್ವನಿಯಲ್ಲಿ ಹೇಳಿದೆ:

“ನಾಳಿ ಹನ್ನೆರಡರೊಳಗ ಮಗ್ಗದ ಮನಿಗಿ ನೆಟ್ ಬರ್ತೈತಿ. ನಾನ ತರ್ತೀನಿ.”

ಭಗೀರಥನು ಗಂಗೆಯನ್ನು ತರುವೆನೆಂದಾಗ ಅವನ ಮನೆಯವರು ಏನಂದರೋ ಗೊತ್ತಿಲ್ಲ. ನನ್ನ ಮನೆಯವಳು, “ರಮೀಜಗ ಒಂದ್ ಫೋನ್ ಮಾಡ್ರಿ” ಅಂದಳು.

ವಿಷಯ ಏನೆಂದರೆ, ನಮ್ಮದು ಕಂಬಳಿ ನೇಯುವ ಮನೆತನ. ಅಪ್ಪ ತೀರಿಕೊಂಡ ಮೇಲೆ ಮಗ್ಗದಲ್ಲಿ ನಾನು ಕೂಡಬೇಕಾಗಿತ್ತು. ಕೂತೆ. ಒಂದು ವಾರದಲ್ಲಿ ನಾನು ನೇಯ್ದದ್ದನ್ನು ನೋಡಿ ಅವ್ವ ಅದನ್ನು ಎಮ್ಮೆಗೆ ಹೊದಿಸಿದಳು. ಎಮ್ಮೆಯೂ ಬೆಳಗಾಗುವುದರೊಳಗೆ ಕೆಡವಿತ್ತು. ಆಗ ಮಂಗಲ ಮಗ್ಗಕ್ಕೆ ಕೂತವಳು ಇಂದಿಗೂ ಎದ್ದಿಲ್ಲ. ಅವ್ವ ಯಲ್ಲವ್ವ ರಾಟಿಯ ಮೇಲೆ ಉಣ್ಣೆ ನೂಲುತ್ತಾಳೆ, ಮಂಗಲ ನೂಲಿಗೆ ಹುಣಸೆಬೀಜದ ಗಂಜಿ ಕೊಟ್ಟು ನೇಯುತ್ತಾಳೆ. ಇಬ್ಬರ ಕಂಬಳಿಗೆ ವಿಜಾಪುರದ ತನಕ ಹೆಸರಿದೆ.

ಆ ಹೆಸರು ಈ ಸಲ ಪುಣೆಗೂ ಮುಟ್ಟಿತ್ತು. ಅಲ್ಲಿ ಪ್ರತಿವರ್ಷ ಕೈಕಸುಬಿನವರದೊಂದು ದೊಡ್ಡ ಪ್ರದರ್ಶನ ನಡೆಯುತ್ತದೆ. ಯಾರಿಗೆ ಜಾಗ ಕೊಡಬೇಕೆಂದು ಆರಿಸುವ ಮೇಡಮ್ ಒಬ್ಬರು ರವಿವಾರ ಮಧ್ಯಾಹ್ನ ಹನ್ನೆರಡಕ್ಕೆ ವಿಡಿಯೋ ಕಾಲ್ ಮಾಡಿ, ನೂಲುವುದು, ನೇಯುವುದು ಎಲ್ಲವನ್ನೂ ಕಣ್ಣಾರೆ ನೋಡುವವರಿದ್ದರು. ಮಂಗಲ ಮೂರು ವರ್ಷದಿಂದ ಅರ್ಜಿ ಹಾಕುತ್ತಿದ್ದಳು. ಕರೆ ಬಂದದ್ದು ಇದೇ ಮೊದಲು.

ಆದರೆ ನಮ್ಮ ಮನೆಯ ನೆಟ್ ಇರುವುದು ಮುಂದಿನ ಪಡಸಾಲೆಯಲ್ಲಿ. ಮಗ್ಗ ಇರುವುದು ಹಿತ್ತಲಿನಲ್ಲಿ. ನಡುವೆ ನಮ್ಮ ಮುತ್ತಜ್ಜ ಕಟ್ಟಿಸಿದ ಎರಡು ಮೊಳ ದಪ್ಪದ ಕಲ್ಲಿನ ಗೋಡೆ. ಪಡಸಾಲೆಯಲ್ಲಿ ಓಡುವ ನೆಟ್ ಅಡಿಗೆಮನೆಗೆ ಬಂದರೆ ಕುಂಟುತ್ತದೆ, ಹಿತ್ತಲ ಬಾಗಿಲಲ್ಲಿ ಪ್ರಾಣ ಬಿಡುತ್ತದೆ.

“ಅರ್ಧಾ ತಾಸಿನ ಕೆಲಸ ಅಂತ ರಮೀಜನ ಹೇಳ್ಯಾನ” ಎಂದಳು ಮಂಗಲ. “ಮುಂಜಾನಿ ಬಂದು ಮಾಡಿ ಹೋಗ್ತಾನ.”

“ರಮೀಜ ನನ್ನ ಕೈಯಾಗ ಎಂಟನೇ ಇಯತ್ತಾದಾಗ ವಿಜ್ಞಾನದಾಗ ನಾಪಾಸ ಆದಂವ.”

“ಆಗವಲ್ಲನ್ಯಾಕ. ಊರಿಗಿ ನೆಟ್ ಅಂವ ಕೊಟ್ಟಾನ, ನೀವು ಕೊಟ್ಟಿಲ್ಲ.”

ಈ ಮಾತು ನನಗೆ ಚುಚ್ಚಿತು. ರಮೀಜ ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾನೆ. ಅಲ್ಲಿಂದ ಕಂಬದಿಂದ ಕಂಬಕ್ಕೆ ವೈರು ಎಳೆದು ನೂರಾನಲವತ್ತು ಮನೆಗೆ ನೆಟ್ ಹಚ್ಚಿದ್ದಾನೆ. ಎರಡು ಮಕ್ಕಳ ತಂದೆ, ಊರಿಗೆಲ್ಲ ಬೇಕಾದವನು. ಆದರೂ ನನ್ನ ಕೈಯಲ್ಲಿ ನಾಪಾಸಾದವನು ನನ್ನ ಮನೆಗೆ ಬಂದು, ನನ್ನ ಹೆಂಡತಿಯ ಎದುರಿಗೆ, ನನಗೆ ಬಾರದ್ದನ್ನು ಮಾಡಿ ತೋರಿಸುವುದೆಂದರೆ ವಿಜ್ಞಾನಕ್ಕೇ ಅವಮಾನ.

ನನ್ನ ಹತ್ತಿರ ಒಂದು ಹಳೇ ರೌಟರ್ ಇತ್ತು. ಎರಡು ಕೊಂಬಿನ ಡಬ್ಬಿ. ದೀಪಾವಳಿ ಸೂಟಿಯಲ್ಲಿ ವಿಡಿಯೋ ನೋಡಿ ನೋಡಿ ಅದರೊಳಗಿನ ಕಂಪನಿಯ ಫರ್ಮ್‌ವೇರನ್ನು ಕಿತ್ತು, ಪುಕ್ಕಟೆ ಸಿಗುವ ಬೇರೊಂದನ್ನು ಹಾಕಿದ್ದೆ. ಫರ್ಮ್‌ವೇರ್ ಎಂದರೆ ಡಬ್ಬಿಯ ತಲೆಯೊಳಗಿನ ಬುದ್ಧಿ. ಕಂಪನಿಯ ಬುದ್ಧಿ ಮಾಲಕನಿಗೆ ಹೆಚ್ಚು ಅಧಿಕಾರ ಕೊಡುವುದಿಲ್ಲ. ಈ ಹೊಸ ಬುದ್ಧಿಯೋ, ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತದೆ. ಅಂಥವರ ಸಹವಾಸ ಅಪಾಯವೆಂದು ನನಗೆ ಆಗ ತಿಳಿದಿರಲಿಲ್ಲ.

ರವಿವಾರ ಬೆಳಿಗ್ಗೆ ಎಂಟಕ್ಕೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಲ್ಯಾಪ್‌ಟಾಪ್ ತೆರೆದು ಪಡಸಾಲೆಯಲ್ಲಿ ಕೂತೆ. ರಮೀಜ ಕೊಟ್ಟ ಡಬ್ಬಿಯನ್ನು ಬಿಚ್ಚಿ ಕಪಾಟಿನಲ್ಲಿಟ್ಟೆ. ಅದರ ಜಾಗದಲ್ಲಿ ನನ್ನ ಡಬ್ಬಿಯನ್ನು ಪ್ರತಿಷ್ಠಾಪಿಸಿದೆ. ಅದಕ್ಕೊಂದು ಹೆಸರು ಕೊಡಬೇಕೆಂದು ಪರದೆಯ ಮೇಲೆ ಕೇಳಿತು. ಕೆಲಸ ಮುಗಿದ ಮೇಲೆ ತೋರಿಸಿ ಮೆಚ್ಚಿಸೋಣವೆಂದು ಪ್ರೀತಿಯಿಂದ ‘ಮಂಗಲ’ ಎಂದು ಬರೆದೆ.

ಅಷ್ಟರಲ್ಲಿ ಅವ್ವ ಉಣ್ಣೆಯ ಬುಟ್ಟಿ ಹಿಡಿದು ಬಂದಳು.

“ಏನ್ ಮಾಡಾಕತ್ತೀಯೋ ತಾನ್ಯಾ?”

“ಬ್ರಿಜ್ ಕಟ್ಟಾಕತ್ತೀನಿ, ಅವ್ವ.”

“ಹಳ್ಳಕ್ಕ ಬ್ರಿಜ್ ಇಲ್ಲದ ಮಳಿಗಾಲದಾಗ ಮಂದಿ ಆ ಕಡಿ ನಿಲ್ತಾರ. ಕಟ್ಟೂದಿದ್ರ ಅಲ್ಲಿ ಕಟ್ಟು. ಪಡಸಾಲ್ಯಾಗ ಎಲ್ಲಿ ನೀರ ಐತಿ?”

ಈ ಬ್ರಿಜ್ ನೀರಿನದಲ್ಲ, ನೆಟ್ಟಿನದು ಎಂದು ವಿವರಿಸಿದೆ. ರೌಟರಿನ ಬೆನ್ನಿಗೆ ಐದು ತೂತುಗಳಿರುತ್ತವೆ. ನಾಲ್ಕು ಮನೆಯೊಳಗಿನ ವೈರುಗಳಿಗೆ. ಒಂದು ಹೊರಗಿನಿಂದ, ಅಂದರೆ ಕಂಬದಿಂದ ಬರುವ ವೈರಿಗೆ. ಒಳಗಿನವುಗಳಿಗೆ ಲ್ಯಾನ್ ಅನ್ನುತ್ತಾರೆ, ಹೊರಗಿನದಕ್ಕೆ ವ್ಯಾನ್. ಬ್ರಿಜ್ ಎಂದರೆ ಈ ತೂತುಗಳನ್ನು ಒಂದಕ್ಕೊಂದು ಕೂಡಿಸಿ ಒಂದೇ ಓಣಿ ಮಾಡುವುದು. ಪರದೆಯ ಮೇಲೆ ಐದರ ಹೆಸರೂ ಇತ್ತು. ನಾಲ್ಕರ ಮುಂದೆ ಮೊದಲೇ ಟಿಕ್ ಇತ್ತು. ಹೊರಗಿನ ಒಂದು ಮಾತ್ರ ಬರಿದಾಗಿ, ಪಂಕ್ತಿಯ ಹೊರಗೆ ಕೂತವನಂತೆ ನನ್ನನ್ನೇ ನೋಡುತ್ತಿತ್ತು.

ನಾನು ಇಪ್ಪತ್ತೆರಡು ವರ್ಷ ಸಾಲೆಯಲ್ಲಿ ಸಮಾನತೆಯನ್ನು ಕಲಿಸಿದವನು. ಒಬ್ಬನನ್ನೇ ಹೊರಗಿಡುವುದು ನನ್ನಿಂದಾಗಲಿಲ್ಲ.

“ವ್ಯಾನನ್ನೂ ಒಳಗ ತಗೋತೀನಿ” ಎಂದು ಘೋಷಿಸಿದೆ.

ಮಂಗಲ ಅಡಿಗೆಮನೆಯಿಂದ ಇಣುಕಿದಳು. “ಯಾವ ವ್ಯಾನ್ ರೀ? ಸಾಲಿ ವ್ಯಾನ್ ನಮ್ಮ ಬಾಗಲದಾಗ ಹಿಡಿಯೂದಿಲ್ಲ.”

ಅಜ್ಞಾನಕ್ಕೆ ಉತ್ತರ ಕೊಡುತ್ತ ಕೂಡುವ ಸಮಯ ಅದಾಗಿರಲಿಲ್ಲ. ಐದನೆಯದಕ್ಕೂ ಟಿಕ್ ಹೊಡೆದು ಗುಂಡಿ ಒತ್ತಿದೆ. ಡಬ್ಬಿ ಒಂದು ಗಳಿಗೆ ಉಸಿರು ಹಿಡಿಯಿತು. ಆಮೇಲೆ ಅದರ ದೀಪಗಳೆಲ್ಲ ಒಮ್ಮೆಲೇ ಮಿನುಗತೊಡಗಿದವು, ಉರುಸಿನ ದಿನ ದರ್ಗಾ ಮಿನುಗಿದ ಹಾಗೆ. ಅದರಿಂದ ಒಂದು ಉದ್ದ ವೈರನ್ನು ಹಿತ್ತಲಿಗೆ ಎಳೆದು, ಮಗ್ಗದ ಮನೆಯ ಗೂಟಕ್ಕೆ, ಬಂದ ನೆಟ್ಟನ್ನು ಗಾಳಿಗೆ ಬಿಡುವ ಇನ್ನೊಂದು ಸಣ್ಣ ಡಬ್ಬಿ ತೂಗುಹಾಕಿದೆ. ಅಲ್ಲಿ ನಿಂತು ಮೊಬೈಲು ನೋಡಿದರೆ ಸಿಗ್ನಲ್ಲಿನ ಗೆರೆಗಳೆಲ್ಲ ತುಂಬಿದ್ದವು.

“ಮಂಗಲಾ, ಬಾ ಇಲ್ಲಿ. ನೋಡು.”

ಮಂಗಲ ಬಂದಳು, ನೋಡಿದಳು, ಒಂದು ವಿಡಿಯೋ ಒತ್ತಿದಳು. ಅದು ಗರಗರ ತಿರುಗಿತು. ತಿರುಗುತ್ತಲೇ ಇತ್ತು.

“ಗೆರಿ ಅದಾವ, ನೆಟ್ ಇಲ್ಲಲ್ರಿ.”

“ಅದು ರಮೀಜನ ಕಡಿಯಿಂದ ಬರಬೇಕು. ನನ್ನ ಕಡಿ ಎಲ್ಲಾ ಚಲೋ ಐತಿ.”

ಹೀಗೆ ಹೇಳಿದೆನಾದರೂ ಒಳಗೊಳಗೇ ಅನುಮಾನ. ರಮೀಜ ಕೊಟ್ಟ ಡಬ್ಬಿಯನ್ನೇ ಮತ್ತೆ ಹಚ್ಚಿಬಿಡಲೇ ಎಂದು ಯೋಚಿಸುತ್ತ ಅವನಿಗೆ ಫೋನು ಮಾಡಿದೆ.

“ರಮೀಜ, ನಮ್ಮ ಮನ್ಯಾಗ ನೆಟ್ ಇಲ್ಲ.”

“ಗುರೂಜಿ, ನಿಮ್ಮ ಮನ್ಯಾಗಷ್ಟ ಅಲ್ರಿ. ಅರ್ಧಾ ಊರಾಗ ಇಲ್ಲ. ಒಂಬತ್ತರಿಂದ ಫೋನ್ ಮ್ಯಾಲ ಫೋನ್ ಬರಾಕತ್ತಾವ.”

ಆಹಾ, ಎಂಥ ಸಿಹಿ ಸುದ್ದಿ. ಅರ್ಧ ಊರಿಗೇ ಇಲ್ಲವೆಂದ ಮೇಲೆ ತಪ್ಪು ನನ್ನದಾಗುವುದು ಹೇಗೆ? ಅನುಮಾನ ಹೋಗಿ, ಅದರ ಜಾಗದಲ್ಲಿ ಪರೋಪಕಾರ ಬುದ್ಧಿ ಬಂದು ಕೂತಿತು.

“ಹೆದರಬ್ಯಾಡ. ನಾ ಬಂದೆ” ಎಂದು ಚಪ್ಪಲಿ ಮೆಟ್ಟಿದೆ.

“ಹನ್ನೆರಡಕ್ಕ ಕಾಲ್ ಐತ್ರಿ” ಎಂದಳು ಮಂಗಲ.

“ಅದಕ್ಕ ಹೊಂಟೀನಿ. ಊರಿನ ನೆಟ್ ಮೊದಲ ಸರಿ ಆಗಲಿ.”

ಅಂಗಡಿಯಲ್ಲಿ ರಮೀಜ ಎರಡು ಫೋನುಗಳನ್ನು ಎರಡು ಕಿವಿಗೆ ಹಿಡಿದು ಕೂತಿದ್ದ. ಪಾಪ, ಮುಖ ಬಾಡಿತ್ತು. ಹಿಂದಿನ ಗೋಡೆಯ ಮೇಲೆ ಊರಿಗೆಲ್ಲ ನೆಟ್ ಹಂಚುವ ಅವನ ದೊಡ್ಡ ಡಬ್ಬಿ.

“ಏನೂ ತಿಳಿವಲ್ತು ಗುರೂಜಿ. ಒಂದೊಂದ ಮನಿ ಹೊಂಟೈತಿ. ಈಗ ಇದ್ದದ್ದು ಇನ್ನ ಹತ್ತ್ ಮಿನಿಟಿಗಿ ಇರೂದಿಲ್ಲ.”

“ಎಲ್ಲಾ ಬಂದ್ ಮಾಡಿ ಮತ್ತ ಚಾಲೂ ಮಾಡಿದೇನು?”

“ಇಲ್ರಿ. ಹಂಗ ಮಾಡಿದ್ರ ಇದ್ದವರದೂ ಹೋದ್ರ?”

“ವಿಜ್ಞಾನ ಅಂದ್ರ ಧೈರ್ಯ, ರಮೀಜ. ಬಂದ್ ಮಾಡು.”

ಗುರುವಿನ ಮಾತು ಮೀರಲಾರದೆ ಅವನು ಬಂದ್ ಮಾಡಿ ಮತ್ತೆ ಚಾಲೂ ಮಾಡಿದ. ಅಲ್ಲಿಯವರೆಗೆ ನೆಟ್ ಇಲ್ಲದ್ದು ಅರ್ಧ ಊರಿಗೆ. ಐದು ನಿಮಿಷದಲ್ಲಿ ಪೂರ್ತಿ ಊರಿಗೆ ಇಲ್ಲವಾಯಿತು. ಎರಡು ಫೋನುಗಳ ಜೊತೆಗೆ ಅಂಗಡಿಯ ಮುಂದೆ ಮಂದಿಯೂ ಸೇರತೊಡಗಿದರು. ಸರಕಾರಿ ಕಾಗದ ಕೊಡುವ ಸೇತು ಕೇಂದ್ರದಲ್ಲಿ ಆದಾಯದ ದಾಖಲೆಗೆ ಪಾಳಿ ಹಚ್ಚಿದವರು, ಜತ್ತಿನಲ್ಲಿ ಕೆಲಸವಿದ್ದರೂ ಬಸ್ಸಿನ ವೇಳೆ ತಿಳಿಯದೆ ಕೂತವರು, ಏನೂ ಕೆಲಸವಿಲ್ಲದೆ ಬರೀ ಸಿಟ್ಟು ಬಂದವರು.

ರಮೀಜ ಒಬ್ಬರ ಮೊಬೈಲನ್ನು ಇಸಿದುಕೊಂಡು ಅಂಗಡಿಯ ವೈಫೈಗೆ ಕೂಡಿಸಿ ಒಳಗೆಲ್ಲ ತಡಕಿದ. ಒಮ್ಮೆಲೇ ಹುಬ್ಬು ಗಂಟಿಕ್ಕಿದ.

“ಗುರೂಜಿ, ನನ್ನ ಡಬ್ಬಿ ಪ್ರತಿ ಮನಿಗಿ ಒಂದ್ ನಂಬರ್ ಕೊಡ್ತೈತಿ. ಹತ್ತರಿಂದ ಸುರು ಆಗೂ ನಂಬರ್. ಇವರ ಮೊಬೈಲಿಗಿ ಬಂದಿದ್ದು ಒಂದನೂರಾ ತೊಂಬತ್ತೆರಡರಿಂದ ಸುರು ಆಗೂದು. ಇದು ನಾ ಕೊಟ್ಟಿದ್ದಲ್ಲ. ಊರಾಗ ಯಾರೋ ನಮ್ಮ ವೈರಿಗಿ ಕಳ್ಳ ಡಬ್ಬಿ ಹಚ್ಯಾರ.”

“ಅಂದ್ರ?”

“ಸ್ಟ್ಯಾಂಡಿನ್ಯಾಗ ಒಬ್ಬಾಂವ ನಿಂತು, ವಿಜಾಪುರ ಗಾಡಿ ಈ ಕಡಿ ಬರ್ರಿ ಅಂತ ಒದರಿ, ಬಂದ ಮಂದಿನೆಲ್ಲಾ ತನ್ನ ಹಿತ್ತಲದಾಗ ಕುಂಡ್ರಿಸಿದ್ರ ಹೆಂಗ್ರಿ? ಹಂಗ ಆಗೇತಿ. ಅಲ್ಲಿ ಗಾಡೀನೂ ಇಲ್ಲ, ಹೊಳ್ಳಿ ಹೋಗೂ ದಾರೀನೂ ಇಲ್ಲ.”

“ಎಂಥಾ ಹುಚ್ಚ ಇರಬೇಕಂವ” ಎಂದೆ ನಾನು.

ಸುತ್ತಲಿನವರು ನನ್ನ ಮಾತಿಗೆ ತಲೆದೂಗಿದರು. ಆ ಮೆಚ್ಚುಗೆಯಲ್ಲಿ ನಾನು ಉಬ್ಬಿಹೋದೆ. ಆ ಹುಚ್ಚನನ್ನು ಇನ್ನೊಂದು ತಾಸಿನಲ್ಲಿ ಹುಡುಕಿ ಕೊಡುತ್ತೇನೆಂದು ಎಲ್ಲರೆದುರಿಗೆ ಮಾತು ಕೊಟ್ಟು, ಶೋಧಕಾರ್ಯದ ಮುಂದಾಳುತನವನ್ನು ಯಾರೂ ಕೊಡದಿದ್ದರೂ ವಹಿಸಿಕೊಂಡೆ. ಆಗ ಸಮಯ ಹತ್ತೂವರೆ.

ನನ್ನ ಶೋಧದ ವಿಧಾನ ಸರಳವಾಗಿತ್ತು. ಹೊಸದಾಗಿ ಏನನ್ನಾದರೂ ತಂದವರು ಯಾರು? ಮಂದಿ ಕೂಡಲೇ ಹೇಳಿದರು: ಅಮೋಗಸಿದ್ದ ಅಜ್ಜ. ಅವನ ಟಗರು ಹೋದ ತಿಂಗಳು ಪಶು ಪ್ರದರ್ಶನದಲ್ಲಿ ಮೊದಲ ಬಹುಮಾನ ಗೆದ್ದಿತ್ತು, ಬಹುಮಾನವಾಗಿ ಸ್ಮಾರ್ಟ್ ಟಿವಿ ಬಂದಿತ್ತು. ಮಾತಾಡಿದರೆ ಕೇಳುವ ಟಿವಿ ಎಂದು ಊರೆಲ್ಲ ಹೋಗಿ ನೋಡಿ ಬಂದಿತ್ತು.

ನಾವು ಹೋದಾಗ ಅಜ್ಜ ಕಪ್ಪು ಪರದೆಯ ಎದುರಿಗೆ ಕಂಬಳಿ ಹಾಸಿಕೊಂಡು ಕೂತಿದ್ದ. ಎಪ್ಪತ್ತೈದು ದಾಟಿದ ಮನುಷ್ಯ. ಇಡೀ ಬಾಳು ಕುರಿಯ ಹಿಂದೆ ನಡೆದವನು, ಈಗ ಮೊಣಕಾಲು ನೋಯುವುದರಿಂದ ಕುರಿಗಳನ್ನು ಟಿವಿಯಲ್ಲಿ ನೋಡುತ್ತಿದ್ದ.

“ಬರ್ರಿ ಗುರೂಜಿ, ಕುಂದ್ರಿ. ಮುಂಜಾನಿಂದ ಇದು ಬಾಯಿ ಬಿಡವಲ್ತು.”

“ಹೆಂಗ ಬಿಡ್ತೈತಿ ಅಜ್ಜಾರ? ಊರಿನ ನೆಟ್ ಎಲ್ಲಾ ಇದ ನುಂಗೇತಿ.”

“ಟಿವಿ ನುಂಗೇತಿ?”

“ಹೌದ್ರಿ. ಇದು ಕಳ್ಳ.”

ರಮೀಜ ನನ್ನ ಅಂಗಿ ಜಗ್ಗಿ, “ಗುರೂಜಿ, ಟಿವಿ ಹಂಗ ಮಾಡೂದಿಲ್ರಿ” ಎಂದು ಪಿಸುಗುಟ್ಟಿದ. ನಾಪಾಸಾದವನ ಮಾತು ಯಾರು ಕೇಳುತ್ತಾರೆ? ವೈರನ್ನು ಕೈಯಾರೆ ಕಿತ್ತು, ಟಿವಿಯ ಮುಖ ಗೋಡೆಯ ಕಡೆಗೆ ತಿರುಗಿಸಿ, ಸಾಲೆಯಲ್ಲಿ ತಪ್ಪು ಮಾಡಿದ ಹುಡುಗನನ್ನು ನಿಲ್ಲಿಸಿದಂತೆ ನಿಲ್ಲಿಸಿದೆ.

ಅಜ್ಜ ಸಿಟ್ಟಾಗಲಿಲ್ಲ. ಅದೇ ಕೆಟ್ಟದ್ದು. ಸಣ್ಣ ದನಿಯಲ್ಲಿ, “ನಮ್ಮ ಮನಿತನದಾಗ ಇಲ್ಲೀತನಾ ಯಾರಿಗೂ ಕಳ್ಳ ಅಂದಿಲ್ಲ ಗುರೂಜಿ” ಎಂದಷ್ಟೇ ಹೇಳಿ ಕಂಬಳಿ ಮಡಿಚಿಟ್ಟ.

ಹೊರಗೆ ಬಂದೆವು. ನೆಟ್ ಬರಲಿಲ್ಲ. ಮತ್ತೆ ಮೂರು ಮನೆ ಹೊಕ್ಕೆವು, ಎರಡು ವೈರು ಕಿತ್ತೆವು, ಒಬ್ಬರ ಮನೆಯ ನಾಯಿ ನನ್ನನ್ನು ಅಟ್ಟಿಸಿಕೊಂಡು ಬಂತು. ನೆಟ್ ಬರಲಿಲ್ಲ. ಹನ್ನೊಂದೂಮುಕ್ಕಾಲಿಗೆ ಮಾರುತಿ ಗುಡಿಯ ಕಟ್ಟೆಯ ಮೇಲೆ ಕೂತೆವು. ಮಂದಿಯ ಸಿಟ್ಟು ಈಗ ರಮೀಜನ ಕಡೆ ಹೊರಳಿತ್ತು. ಒಬ್ಬ, ನಾಳೆಯಿಂದ ನಿನ್ನ ನೆಟ್ಟೇ ಬೇಡ ಎಂದ. ಇನ್ನೊಬ್ಬ, ನನಗೂ ಬೇಡ ಎಂದ. ಎಂಟು ವರ್ಷ ಕಂಬ ಹತ್ತಿ ಇಳಿದು ಕಟ್ಟಿದ ದಂಧೆ ಒಂದೇ ಮುಂಜಾನೆಯಲ್ಲಿ ಕಳಚಿಬೀಳುವುದನ್ನು ರಮೀಜ ಸುಮ್ಮನೆ ಕೂತು ನೋಡುತ್ತಿದ್ದ. ಆಮೇಲೆ ಏನೋ ಹೊಳೆದವನಂತೆ ಮೊಬೈಲು ತೆಗೆದು, ಗುಡಿಗೆ ತಾನೇ ಹಚ್ಚಿಕೊಟ್ಟಿದ್ದ ವೈಫೈಗೆ ಕೂಡಿಸಿದ.

“ತಡೀರಿ. ಕಳ್ಳ ಡಬ್ಬಿ ನಂಬರ್ ಕೊಟ್ಟೈತಿ ಅಂದ್ರ ಅದರದೂ ಒಂದ್ ನಂಬರ್ ಇರ್ತೈತಿ. ಅದನ್ನ ಹಾಕಿದ್ರ ಅದರ ಬಾಗಲಾ ತೆರೀತೈತಿ. ಬಾಗಲದ ಮ್ಯಾಲ ಹೆಸರ ಇದ್ರೂ ಇರಬಹುದು.”

ಅವನು ನಂಬರು ಹಾಕಿದ. ಪುಟ ತೆರೆಯಿತು.

“ಬಂತ್ರಿ ಹೆಸರ” ಎಂದ. “ಮಂಗಲ.”

ಆ ಗಳಿಗೆಯನ್ನು ಹೇಗೆ ಬಣ್ಣಿಸಲಿ? ಮೊದಲು ಕಿವಿ ಬಿಸಿಯಾಯಿತು. ಆಮೇಲೆ ಕಾಲು ತಣ್ಣಗಾಯಿತು. ನಡುವಿನ ಭಾಗದಲ್ಲಿ ಏನಾಯಿತೆಂಬುದನ್ನು ಸಭ್ಯರೆದುರು ಹೇಳುವಂತಿಲ್ಲ. ಸಮಾನತೆಯ ಆ ಐದನೆಯ ಟಿಕ್ ಕಣ್ಣ ಮುಂದೆ ಬಂದು ನಿಂತಿತು. ನಾನು ಒಳಗಿನದನ್ನೂ ಹೊರಗಿನದನ್ನೂ ಒಂದೇ ಓಣಿ ಮಾಡಿದ್ದೆ. ನನ್ನ ಡಬ್ಬಿ, ಪಡಸಾಲೆಯಲ್ಲಿ ಕೂತು ನಮ್ಮ ಮನೆಯವರಿಗೆ ಮಾತ್ರ ಕೊಡಬೇಕಾದ ನಂಬರನ್ನು ಕಂಬದ ಮೇಲಿಂದ ಇಡೀ ಊರಿಗೆ ಹಂಚುತ್ತಿತ್ತು. ಸ್ಟ್ಯಾಂಡಿನಲ್ಲಿ ನಿಂತು ಒದರುವ ಹುಚ್ಚ ನಾನೇ.

“ಗುರೂಜಿ, ನಮ್ಮ ಊರಾಗ ಮಂಗಲ ಅನ್ನವರ ಎಷ್ಟ್ ಮಂದಿ ಅದಾರ್ರಿ?” ಎಂದು ರಮೀಜ ಕೇಳಿದ.

ಸತ್ಯ ಹೇಳಬೇಕಾಗಿತ್ತು. ಬದಲಿಗೆ ಎಣಿಸತೊಡಗಿದೆ.

“ಹಿಟ್ಟಿನ ಗಿರಣಿ ಮಂಗಲ. ತಳವಾರ ಓಣಿ ಮಂಗಲ. ಅಂಗನವಾಡಿ ಮಂಗಲ. ಶ್ರೀಶೈಲಪ್ಪನ ಸೊಸಿ ಮಂಗಲ. ಮತ್ತ... ಇಷ್ಟ.”

“ನಿಮ್ಮ ಮನ್ಯಾಗಿನ ಅಕ್ಕಾರು?”

“ಹಾಂ. ಅಕಿನೂ ಮಂಗಲ.”

ರಮೀಜ ನನ್ನನ್ನು ನೋಡಿದ. ನಾನು ಮಾರುತಿಯನ್ನು ನೋಡಿದೆ. ಮಾರುತಿ ಯಾರನ್ನೂ ನೋಡಲಿಲ್ಲ.

“ಅಕ್ಕಾರ ರೌಟರ್ ಬಿಚ್ಚಿ ಕಟ್ತಾರೇನ್ರಿ?” ಎಂದ ಮೆಲ್ಲಗೆ.

ಅವನ ಹಿಂದೆ ಮಂದಿ ಇನ್ನೂ ಅವನನ್ನೇ ಬೈಯುತ್ತಿದ್ದರು. ಇನ್ನು ಒಂದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ, ಮನೆಗೆ ಓಡಿ ಡಬ್ಬಿ ಕಿತ್ತು, ಕಳ್ಳ ಸಿಗಲೇ ಇಲ್ಲವೆಂದು ಹೇಳಿ ಬಚಾವಾಗಬಹುದಿತ್ತು. ಆದರೆ ರಮೀಜನ ಮುಖ ಎಂಟನೇ ಇಯತ್ತಿನಲ್ಲಿ ಫಲಿತಾಂಶದ ದಿನ ಇದ್ದ ಹಾಗೇ ಇತ್ತು. ಆಗ ಪೇಪರು ತಿದ್ದಿದವನು ನಾನು. ಈಗ ತಪ್ಪೂ ನನ್ನದು.

“ಅಕಿ ಬಿಚ್ಚಿ ಕಟ್ಟೂದಿಲ್ಲ” ಎಂದೆ, ಎಲ್ಲರಿಗೂ ಕೇಳುವ ಹಾಗೆ. “ಅಕಿ ಗಂಡ ಕಟ್ತಾನ. ರಮೀಜಂದು ಏನೂ ತಪ್ಪಿಲ್ಲ. ಕಳ್ಳ ಡಬ್ಬಿ ನಂದು.”

ಕಟ್ಟೆಯ ಸುತ್ತಲಿನವರೆಲ್ಲ ನನ್ನ ಕಡೆ ತಿರುಗಿದರು. ಆಮೇಲೆ ಹಿಂದಿನಿಂದ ಯಾರೋ, “ಎಂಥಾ ಹುಚ್ಚ ಇರಬೇಕಂವ ಅಂತ ಮುಂಜಾನೆನ ಹೇಳಿದ್ರು ಪಾಪ” ಎಂದರು. ನಗೆ ಕಟ್ಟೆಯಿಂದ ಹೊರಟು ಸ್ಟ್ಯಾಂಡಿನವರೆಗೆ ಹೋಯಿತು. ನಾನು ಅದಕ್ಕಿಂತ ಮೊದಲೇ ಮನೆಯ ಕಡೆಗೆ ಓಡುತ್ತಿದ್ದೆ. ಹನ್ನೆರಡಾಗಲು ನಾಲ್ಕು ನಿಮಿಷವಿತ್ತು.

ಪಡಸಾಲೆ ಹೊಕ್ಕವನೇ ಡಬ್ಬಿಗೆ ಕೈ ಹಾಕಿ, ಕರೆಂಟಿನ ವೈರು, ಕಂಬದ ವೈರು, ಹಿತ್ತಲಿನ ವೈರು, ಎಲ್ಲವನ್ನೂ ಒಟ್ಟಿಗೆ ಕಿತ್ತೆ. ಆ ಗಳಿಗೆಯಲ್ಲಿ ಊರು ಬಿಡುಗಡೆಯಾಯಿತು. ಆದರೆ ನಮ್ಮ ಮನೆಗೆ ಈಗ ನನ್ನ ಡಬ್ಬಿಯೂ ಇಲ್ಲ, ರಮೀಜನ ಡಬ್ಬಿಯೂ ಇಲ್ಲ. ಅವನದನ್ನು ಎಲ್ಲಿಟ್ಟಿದ್ದೆನೆಂಬುದು ಗಾಬರಿಯಲ್ಲಿ ಮರೆತುಹೋಗಿ, ಹುಡುಕುವುದರಲ್ಲೇ ಹನ್ನೆರಡು ದಾಟಿತು. ಹಿತ್ತಲಿಗೆ ಓಡಿದೆ. ಮಗ್ಗ ಖಾಲಿ. ಮಂಗಲ ಇಲ್ಲ, ಅವ್ವ ಇಲ್ಲ, ರಾಟಿಯೂ ಇಲ್ಲ. ಮೂರು ವರ್ಷ ಅರ್ಜಿ ಹಾಕಿದ ಹೆಂಗಸು ಎಲ್ಲಿ ಹೋಗಿ ಅಳುತ್ತ ಕೂತಿದ್ದಾಳೋ ಎಂದು ಮೂಲೆಮೂಲೆ ಇಣುಕಿದೆ.

ಆಗ ಮೇಲಿನಿಂದ ಮಾತು ಕೇಳಿಸಿತು. ಮಾಳಿಗೆಯ ಮೇಲೆ ಯಾರೋ ಮರಾಠಿಯಲ್ಲಿ ಮಾತಾಡುತ್ತಿದ್ದರು.

ನಿಚ್ಚಣಿಕೆ ಹತ್ತಿ ತಲೆ ಎತ್ತಿದೆ. ಅವ್ವ ಬಿಸಿಲಿನಲ್ಲಿ ರಾಟಿಯ ಮುಂದೆ ಕೂತು ನೂಲು ತೆಗೆಯುತ್ತಿದ್ದಳು. ಮಂಗಲ ಅರ್ಧ ನೇಯ್ದ ಕಂಬಳಿಯನ್ನು ಒಂದು ಕೈಯಲ್ಲಿ ಹರವಿ, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ತೋರಿಸುತ್ತಿದ್ದಳು. ಮೊಬೈಲಿನ ಸ್ವಂತ ನೆಟ್ ನಮ್ಮ ಓಣಿಯಲ್ಲಿ ಮಾಳಿಗೆಯ ಮೇಲೆ ಮಾತ್ರ ಸಿಗುತ್ತದೆ. ಇದು ಮಂಗಲಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಆದರೆ ಅದರಲ್ಲಿ ವಿಜ್ಞಾನವಿಲ್ಲವೆಂದು ನಾನು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮಗ್ಗವನ್ನು ಮೇಲೆ ಒಯ್ಯಲಾಗದೆಂದು ಹಿಂದಿನ ದಿನವೇ ನೇಯುವುದರ ವಿಡಿಯೋ ಮಾಡಿ ಕಳಿಸಿಯೂ ಬಿಟ್ಟಿದ್ದಳಂತೆ. ನಾನು ಪ್ರತಿಜ್ಞೆ ಮಾಡಿದ ಮರುಗಳಿಗೆಯೇ.

ಮೊಬೈಲಿನೊಳಗಿನ ಮೇಡಮ್ ಇನ್ನೇನನ್ನೋ ಕೇಳುತ್ತಿದ್ದರು. ಅಷ್ಟರಲ್ಲಿ ಅವರಿಗೆ ನಿಚ್ಚಣಿಕೆಯ ತುದಿಯಲ್ಲಿ ಬೆವತು, ಕೊರಳಿಗೆಲ್ಲ ವೈರು ಸುತ್ತಿಕೊಂಡು ಮೂಡಿದ ನನ್ನ ತಲೆ ಕಾಣಿಸಿರಬೇಕು. ಯಾರವರು ಎಂದು ಕೇಳಿದರು.

ಮಂಗಲ ತಿರುಗಿ ನೋಡಿದಳು. ಒಂದು ಕ್ಷಣವೂ ತಡೆಯದೆ, “ನಮ್ಮ ಮನೆಯವರು, ನೂಲಿನ ಸಿಕ್ಕು ಬಿಡಿಸುತ್ತಾರೆ” ಎಂದು ಮರಾಠಿಯಲ್ಲಿ ಪರಿಚಯಿಸಿದಳು. ಮೇಡಮ್ ‘ಛಾನ್’ ಎಂದು ಮೆಚ್ಚಿದರು. ಪ್ರದರ್ಶನದಲ್ಲಿ ಜಾಗ ಕೊಟ್ಟಿದ್ದೇವೆ, ಬರುವಾಗ ಇಬ್ಬರೂ ಅತ್ತೆಸೊಸೆ ಬನ್ನಿ ಎಂದು ಅಲ್ಲಿಯೇ ಹೇಳಿದರು. ಸಿಕ್ಕು ಬಿಡಿಸುವವನನ್ನು ಕರೆಯಲಿಲ್ಲ.

ಕಾಲು ತಾಸಿನಲ್ಲಿ ರಮೀಜ ಬಂದ. ಬೈಯುತ್ತಾನೆಂದು ತಯಾರಾಗಿ ನಿಂತಿದ್ದೆ. ಬೈಯಲಿಲ್ಲ. ಕಪಾಟಿನಿಂದ ತನ್ನ ಡಬ್ಬಿಯನ್ನು ಹುಡುಕಿ ತೆಗೆದು, ಕಂಬದ ವೈರನ್ನು ಅದಕ್ಕೆ ಹಚ್ಚಿ, ನಾನು ಹಿತ್ತಲಿಗೆ ಎಳೆದಿದ್ದ ವೈರಿನ ತುದಿಯನ್ನು ಅದರ ಒಳಗಿನ ತೂತಿಗೆ ಸಿಕ್ಕಿಸಿದ. ಟಕ್ ಎಂದಿತು. ಮಗ್ಗದ ಮನೆಯಲ್ಲಿ ನೆಟ್ ಬಂತು.

“ಇಷ್ಟನಾ?” ಎಂದೆ.

“ಇಷ್ಟರಿ. ವೈರ್ ಎಳದಿದ್ರಲ್ಲ, ಮುಕ್ಕಾಲು ಕೆಲಸ ನೀವ ಮಾಡಿದ್ರಿ. ಹೊರಗಿಂದು ಹೊರಗ ಇರಬೇಕು, ಒಳಗಿಂದು ಒಳಗ. ನಡುವ ಡಬ್ಬಿ ಬಾಗಲಾ ಕಾಯ್ತೈತಿ. ನೀವು ಬಾಗಲಾನ ಕಿತ್ತ ಒಗದಿದ್ರಿ.”

ಅವನು ಕಲಿಸಿದ್ದು ನನಗೆ ಒಂದೇ ಸಲಕ್ಕೆ ತಿಳಿಯಿತು. ನಾನು ಕಲಿಸಿದ್ದು ಅವನಿಗೆ ಯಾಕೆ ತಿಳಿದಿರಲಿಲ್ಲವೆಂಬುದೂ ಸ್ವಲ್ಪ ತಿಳಿಯಿತು. ಮಂಗಲ ಅವನಿಗೆ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸಿದಳು. ನನಗೂ ಬಡಿಸಲೆಂದು ತಾಟು ಹಾಕಿಕೊಂಡು ಕೂತೆ.

“ನಿಮ್ಮದು ಆಮ್ಯಾಲ” ಎಂದಳು. “ಮೊದಲ ಅಮೋಗಸಿದ್ದ ಅಜ್ಜಾರ ಮನಿಗಿ ನಡೀರಿ. ಅವರ ಟಿವಿಗಿ ಕಳ್ಳ ಅಂದೀರಂತ. ಊರಾಗಿನ ಹೆಣ್ಮಕ್ಕಳೆಲ್ಲಾ ಬಂದು ಹೇಳಿ ಹೋಗ್ಯಾರ.”

ಮೂವರೂ ಹೋದೆವು. ರಮೀಜ ವೈರು ಹಚ್ಚಲಿಕ್ಕೆ, ನಾನು ತಪ್ಪೊಪ್ಪಿಕೊಳ್ಳಲಿಕ್ಕೆ, ಮಂಗಲ ನಾನು ಸರಿಯಾಗಿ ಒಪ್ಪಿಕೊಳ್ಳುತ್ತೇನೋ ಇಲ್ಲವೋ ನೋಡಲಿಕ್ಕೆ. ನಮ್ಮ ಹಿಂದೆ ಅರ್ಧ ಓಣಿ ಬಂತು. ಟಿವಿ ಇನ್ನೂ ಗೋಡೆಗೆ ಮುಖ ಮಾಡಿಯೇ ಇತ್ತು. ಅಜ್ಜ ಅದನ್ನು ಮುಟ್ಟಿರಲಿಲ್ಲ. ರಮೀಜ ಅದನ್ನು ತಿರುಗಿಸಿ ವೈರು ಹಚ್ಚಿದ. ಪರದೆಯ ಮೇಲೆ ಬಣ್ಣ ಬಂತು, ಅಜ್ಜನ ಮುಖದ ಮೇಲೂ ಬಂತು.

ನಾನು ಕೈ ಮುಗಿದೆ. “ಅಜ್ಜಾರ, ತಪ್ಪಾತು. ಕಳ್ಳ ನಾನ ಇದ್ದೆ. ಕ್ಷಮಾ ಮಾಡ್ರಿ.”

ಅಜ್ಜ ಮೀಸೆಯ ಮೇಲೆ ಕೈಯಾಡಿಸಿದ. “ನನಗೇನ್ ಅಂದಿಲ್ರಿ ನೀವು. ಅದಕ್ಕ ಅಂದೀರಿ. ಅದನ್ನ ಕೇಳ್ರಿ.”

“ಟಿವೀನ?”

“ಹೂಂ. ಅದು ಕೇಳ್ತೈತಿ. ತೊಗೊಳ್ರಿ.” ರಿಮೋಟಿನ ಮೇಲಿದ್ದ ಮೈಕಿನ ಗುಂಡಿಯನ್ನು ಒತ್ತಿ ನನ್ನ ಬಾಯಿಗೆ ಹಿಡಿದ.

ಮಂಗಲಳ ಕಡೆ ನೋಡಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಹೇಳಿ ಎಂಬಂತೆ ಕಣ್ಣು ಮಾಡಿದಳು. ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿದ ನಾನು, ಓಣಿಯ ಮಂದಿಯೆಲ್ಲ ನೋಡುತ್ತಿರುವಾಗ, ಟಿವಿಯ ಮುಂದೆ ಕೈ ಮುಗಿದು ನಿಂತು, “ನಂದ ತಪ್ಪಾಗೇತಿ, ಕ್ಷಮಾ ಮಾಡು” ಎಂದು ಹೇಳಿದೆ.

ಟಿವಿಯಲ್ಲಿ ಒಂದು ದುಂಡನೆಯ ಬೆಳಕು ತಿರುಗಿತು. ಒಳಗಿನಿಂದ ಒಬ್ಬ ಹೆಂಗಸು ನಯವಾಗಿ, “ಮಾಫ್ ಕರಾ, ಮಲಾ ಹೇ ಸಮಜಲಂ ನಾಹೀ. ಪುನ್ಹಾ ಸಾಂಗಾ” ಎಂದಳು. ತನಗೆ ತಿಳಿಯಲಿಲ್ಲವಂತೆ, ಮತ್ತೊಮ್ಮೆ ಹೇಳಬೇಕಂತೆ.

ಅಜ್ಜ ರಿಮೋಟನ್ನು ನನ್ನ ಬಾಯಿಯ ಇನ್ನೂ ಹತ್ತಿರಕ್ಕೆ ತಂದ.

“ಅದಕ್ಕ ಕನ್ನಡ ಬರೂದಿಲ್ರಿ ಗುರೂಜಿ. ಮರಾಠ್ಯಾಗ ಇನ್ನೊಮ್ಮೆ ಹೇಳ್ರಿ.”